ಅವರೆಕಾಯಿ ಸುಲಿಯುವಾಗ ಬಂದ ಫೋನು

“ಏನ್ ಮಾಡ್ಕೊಂಡಿದೀರ?” ಎಂದು ಯಾರಾದರೂ ಕೇಳಿದರೆ ನನಗೆ ಬಾಯಿ ಕಟ್ಟುತ್ತದೆ. ರಂಗದ ಮೇಲೆ ಒಬ್ಬಳೇ ನಿಂತು ಒಂದೂಕಾಲು ಗಂಟೆ ಮಾತಾಡಬಲ್ಲ ಹೆಂಗಸು ನಾನು. ಆದರೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ಹೀಗೆ ಕೇಳಿದ ಕೂಡಲೇ ಅನ್ನ ಕಲಸುತ್ತಾ ತಲೆ ತಗ್ಗಿಸುತ್ತೇನೆ. “ಏಕವ್ಯಕ್ತಿ ನಾಟಕ ಮಾಡ್ತೀನಿ, ಜೊತೆಗೆ ಬರೀತೀನಿ” ಎಂದರೆ “ಅದು ಸರಿ, ಕೆಲಸ ಏನ್ ಮಾಡ್ತೀರ?” ಎನ್ನುತ್ತಾರೆ. ಹಾಗೆ ಕೇಳುವವರದೂ ತಪ್ಪಲ್ಲ. ನಾನು ಮಾಡುವುದನ್ನು ಸಾಲಾಗಿ ಹೇಳಿದರೆ ನನಗೇ ನಂಬಿಕೆ ಬರುವುದಿಲ್ಲ. ಶಾಲೆಗಳಲ್ಲಿ ನಾಟಕದ ಶಿಬಿರ, ನಿವೃತ್ತ ಮೇಷ್ಟ್ರುಗಳ ಅಭಿನಂದನಾ ಗ್ರಂಥಕ್ಕೆ ಜೀವನ ಚರಿತ್ರೆ, ಮಿಕ್ಸಿಯ ಡಬ್ಬದೊಳಗೆ ಬರುವ ಪುಸ್ತಿಕೆಯ ಕನ್ನಡ, ಗೃಹಪ್ರವೇಶದ ಆಮಂತ್ರಣಕ್ಕೆ ನಾಲ್ಕು ಸಾಲು ಪದ್ಯ, ಭಾನುವಾರದ ಪುರವಣಿಗೆ ಲೇಖನ, ಕಾರ್ಖಾನೆಗಳಿಗೆ ಬೀದಿನಾಟಕ. ಇವೆಲ್ಲದರ ಸಂದಿಯಲ್ಲಿ, ಜಾಗ ಸಿಕ್ಕರೆ, ನನ್ನ ಸ್ವಂತ ನಾಟಕ. ಒಮ್ಮೆ ಯಾವುದೋ ಅರ್ಜಿಯಲ್ಲಿ ‘ಉದ್ಯೋಗ’ ಎಂಬ ಜಾಗಕ್ಕೆ ಏನು ತುಂಬುವುದೆಂದು ಪೆನ್ನು ಕಚ್ಚುತ್ತಾ ಕೂತಿದ್ದಾಗ, ಅಲ್ಲೇ ಸೊಪ್ಪು ಬಿಡಿಸುತ್ತಿದ್ದ ನನ್ನ ಅತ್ತಮ್ಮ “ಬಿಡುವಿಲ್ಲ ಅಂತ ಬರಿ” ಎಂದರು. ಅದನ್ನು ನಾನು ತಮಾಷೆ ಎಂದುಕೊಂಡೆ. ತಮಾಷೆಯಲ್ಲ ಎಂದು ಗೊತ್ತಾಗಲು ಬಹಳ ದಿನ ಹಿಡಿಯಿತು. ಗೊತ್ತಾದದ್ದು ಬೈರಕೂರಿನಲ್ಲಿ, ಊರೆಲ್ಲ ನೋಡುತ್ತಿರುವಾಗ.

ಅತ್ತಮ್ಮನನ್ನು ಮೊದಲು ಪರಿಚಯಿಸಿಬಿಡುತ್ತೇನೆ, ಏಕೆಂದರೆ ಇಲ್ಲಿ ತಪ್ಪೆಲ್ಲ ನನ್ನದು, ಒಳ್ಳೆಯ ಮಾತೆಲ್ಲ ಅವರದು. ನಾರಾಯಣಮ್ಮ ಎಂದು ಹೆಸರು. ನನ್ನ ಗಂಡನ ತಾಯಿ. ತವರು ಮುಳಬಾಗಿಲಿನ ಆಚೆ, ಬೈರಕೂರು. ಆ ಕಡೆಯವರಿಗೆ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಕೋಪ ಬಂದಾಗ ಎರಡೂ. ನಾವಿರುವುದು ಮಾಲೂರಿನಲ್ಲಿ. ನಮ್ಮ ಯಜಮಾನರಿಗೆ ನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸ. ಒಂದು ವಾರ ಕಂಪನಿ ಬಸ್ಸು ಅವರನ್ನು ಬೆಳಿಗ್ಗೆ ಹತ್ತಿಸಿಕೊಂಡು ಹೋಗುತ್ತದೆ, ಇನ್ನೊಂದು ವಾರ ಮಧ್ಯಾಹ್ನ. ಹಾಗಾಗಿ ನನ್ನ ತಾಲೀಮಿಗೆ ಮನೆಯಲ್ಲಿ ಖಾತ್ರಿಯಾಗಿ ಸಿಗುವವರು ಅತ್ತಮ್ಮ ಒಬ್ಬರೇ. ತಾಲೀಮು ನಡೆಯುವುದು ಅಡುಗೆಮನೆಯಲ್ಲಿ. ನಾನು ಒಲೆಯ ಮುಂದೆ ನಿಂತು ಮಾತು ಒಪ್ಪಿಸುತ್ತೇನೆ. ಅತ್ತಮ್ಮ ಹೊಸ್ತಿಲ ಪಕ್ಕ ಕೂತು, ನೋಟ್‌ಬುಕ್ ತೊಡೆಯ ಮೇಲಿಟ್ಟು, ಸಾಲಿನ ಮೇಲೆ ಬೆರಳಿಟ್ಟು, ನಾನು ತಡವರಿಸಿದ ಕಡೆ ಮಾತು ಎತ್ತಿಕೊಡುತ್ತಾರೆ. ಏಳನೇ ಕ್ಲಾಸಿನವರೆಗೆ ಓದಿದವರು. ಆದರೆ ಮಾತು ಎತ್ತಿಕೊಡುವುದರಲ್ಲಿ ಅಷ್ಟು ಚುರುಕಾದವರನ್ನು ನಾನು ದೊಡ್ಡ ದೊಡ್ಡ ತಂಡಗಳಲ್ಲೂ ಕಂಡಿಲ್ಲ. ಮರೆತೆ ಎಂದು ನನಗೆ ಗೊತ್ತಾಗುವ ಮೊದಲೇ ಅವರಿಗೆ ಗೊತ್ತಾಗಿರುತ್ತದೆ. ಪೂರ್ತಿ ವಾಕ್ಯ ಹೇಳುವುದಿಲ್ಲ. ಮೊದಲ ಎರಡು ಪದ, ಅದೂ ನನಗಷ್ಟೇ ಕೇಳುವ ಹಾಗೆ. “ಇದನ್ನೆಲ್ಲ ಎಲ್ಲಿ ಕಲಿತ್ರಿ ಅತ್ತಮ್ಮ?” ಎಂದು ಒಂದು ದಿನವಾದರೂ ಕೇಳಬೇಕಿತ್ತು. ಕೇಳಲಿಲ್ಲ. ಸಾರು ಕುದಿಯುತ್ತಿತ್ತು.

ನೋಟ್‌ಬುಕ್ಕಿನ ವಿಷಯವನ್ನೂ ಹೇಳಬೇಕು. ಬುದ್ಧಿ ಇರುವವರು ಒಂದೊಂದು ಕೆಲಸಕ್ಕೆ ಒಂದೊಂದು ನೋಟ್‌ಬುಕ್ ಇಡುತ್ತಾರೆ. ನಾನು ಎಲ್ಲಕ್ಕೂ ಒಂದೇ ಇಟ್ಟಿದ್ದೆ. ಮುಂದಿನಿಂದ ನನ್ನ ನಾಟಕ, ಹಿಂದಿನಿಂದ ಕಾರ್ಖಾನೆಯ ಬೀದಿನಾಟಕ, ನಡುವೆ ಖಾಲಿ ಸಿಕ್ಕಲ್ಲೆಲ್ಲ ಮಿಕ್ಸಿ. ಒಂದು ದಿನ ನಾನು ಕಣ್ಣಲ್ಲಿ ನೀರು ತಂದುಕೊಂಡು, ಸೌಟು ಎದೆಗೊತ್ತಿಕೊಂಡು “ಅಪ್ಪಾ, ನನ್ನ ಮನಸ್ಸಿನಲ್ಲಿರೋದನ್ನ...” ಎಂದು ನಿಲ್ಲಿಸಿದೆ. ಅತ್ತಮ್ಮ ಎರಡು ಹಾಳೆ ಒಟ್ಟಿಗೆ ಮಗುಚಿದ್ದರೋ ಏನೋ, ಶಾಂತವಾಗಿ “ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು” ಎಂದು ಎತ್ತಿಕೊಟ್ಟರು. ಇಬ್ಬರೂ ನಕ್ಕೆವು. ಆವತ್ತೇ ಬೇರೆ ನೋಟ್‌ಬುಕ್ ತಂದಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು. ಆದರೆ ತರುವುದಕ್ಕೂ ಬಿಡುವು ಬೇಕಲ್ಲ.

ಕಾರ್ಖಾನೆಯ ನಾಟಕದ್ದಂತೂ ಬೇರೆಯೇ ಗೋಳು. ನರಸಾಪುರದಲ್ಲಿ ಒಂದು ಕಾರ್ಖಾನೆ ಇದೆ (ಯಜಮಾನರದ್ದಲ್ಲ, ಬೇರೆ, ಅವರ ಅನ್ನಕ್ಕೆ ನಾನೇಕೆ ಕಲ್ಲು ಹಾಕಲಿ). ಅಲ್ಲಿ ವರ್ಷಕ್ಕೊಮ್ಮೆ ಬೇಸಿಗೆಯ ಮೊದಲಿಗೆ ಸುರಕ್ಷತಾ ಸಪ್ತಾಹ ಮಾಡುತ್ತಾರೆ. ಅದಕ್ಕೆ ಇಪ್ಪತ್ತು ನಿಮಿಷದ ನಾಟಕ, ಬರೆಯುವವಳೂ ಆಡುವವಳೂ ನಾನೇ. ಮೊದಲ ವರ್ಷ ಬರೆದು ಕಳಿಸಿದೆ. ಅಲ್ಲಿನ ಸೇಫ್ಟಿ ಆಫೀಸರು ಫೋನ್ ಮಾಡಿ, “ಮೇಡಂ, ಸ್ಕ್ರಿಪ್ಟ್ ಸೂಪರ್. ಒಂದೇ ಒಂದು ಚೇಂಜು. ಆಕ್ಸಿಡೆಂಟ್ ತೆಗೆದ್ಬಿಡಿ” ಎಂದರು. “ಸಾರ್, ಆಕ್ಸಿಡೆಂಟ್ ಆಗಬಾರದು ಅಂತಾನೇ ಅಲ್ವಾ ಈ ನಾಟಕ?” ಎಂದೆ. “ಅದೇ ಮೇಡಂ ಹೇಳ್ತಿರೋದು. ನಮ್ಮಲ್ಲಿ ಆಗಲ್ಲ. ಆಗದೇ ಇರೋದನ್ನ ನೀವು ಮಾಡಿ ತೋರ್ಸಿದ್ರೆ ಮೇಲಿನೋರು ಬೇಜಾರು ಮಾಡ್ಕೋತಾರೆ.” ಇಂಥ ಫೋನುಗಳು ಹತ್ತು ಬಂದವು. ಕೊನೆಗೆ ರಾಜಿಯಾದದ್ದು ಹೀಗೆ: “ಜಾರಿದ ಹಾಗೆ ಮಾಡಿ ಮೇಡಂ. ಬೀಳ್ಬೇಡಿ.” ಅಂದಿನಿಂದ ಆ ನಾಟಕದಲ್ಲಿ ನಾನು ಉದ್ದಕ್ಕೂ ಜಾರುತ್ತೇನೆ, ಒಂದು ಸಲವೂ ಬೀಳುವುದಿಲ್ಲ. ಕೊನೆಯಲ್ಲಿ ಕೂತಿದ್ದವಳು ಥಟ್ಟನೆ ಎದ್ದು ನಿಂತು, ಕೈ ಚಾಚಿ, “ನಿಲ್ಲು! ಕೈಗವಸು ಎಲ್ಲಿ?” ಎಂದು ಕೂಗುತ್ತೇನೆ. ಭಾರೀ ಚಪ್ಪಾಳೆ ಬೀಳುತ್ತದೆ; ಅದಾದ ಮೇಲೆ ಟೀ ಕೊಡುತ್ತಾರೆ.

ಬರವಣಿಗೆಯಲ್ಲಿ ನನಗಿರುವ ಒಂದು ಕೆಟ್ಟ ಚಾಳಿಯನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಶ್ರೀನಿವಾಸಪುರದ ಕಡೆಯ ಒಬ್ಬ ಹೆಡ್‌ಮಾಸ್ಟರು ನಿವೃತ್ತರಾದಾಗ ಅವರ ಜೀವನ ಚರಿತ್ರೆ ಬರೆಯಲು ಹೋಗಿದ್ದೆ. ಹದಿನೈದು ಪುಟ ಬರೆದು ಓದಿ ತೋರಿಸಿದರೆ ಅವರ ಮುಖ ಅರಳಲಿಲ್ಲ. “ಎಲ್ಲಾ ಚೆನ್ನಾಗಿದೇಮ್ಮ. ಕಷ್ಟ ಸ್ವಲ್ಪ ಕಮ್ಮಿ ಆಯ್ತು” ಎಂದರು. “ಸಾರ್, ಬಾಲ್ಯದಲ್ಲಿ ಏನ್ ಕಷ್ಟ ಪಟ್ರಿ?” ಎಂದೆ. ಬಹಳ ಹೊತ್ತು ಯೋಚಿಸಿ, “ಮಾವಿನ ತೋಟ ಇತ್ತು. ಸ್ಕೂಲು ಮನೆ ಪಕ್ಕಾನೇ ಇತ್ತು. ನೀವೇ ಏನಾದ್ರೂ ನೋಡಿ ಹಾಕಿ” ಎಂದರು. ನೋಡಿ ಹಾಕಿದೆ. ದಿನಕ್ಕೆ ಮೂರು ಮೈಲಿ ಬರಿಗಾಲಲ್ಲಿ ನಡೆಸಿದೆ, ನಡುವೆ ಒಂದು ಹಳ್ಳವನ್ನೂ ತಂದು ಅದರಲ್ಲಿ ನೀರು ಬಿಟ್ಟೆ. ಸಮಾರಂಭದಲ್ಲಿ ಅದನ್ನು ಓದಿದಾಗ ಅತ್ತವರಲ್ಲಿ ಮೊದಲಿಗರು ಅವರೇ. ಅಂದಿನಿಂದ ಯಾರ ಕಥೆಯಲ್ಲಾದರೂ ಕಷ್ಟ ಸಾಲದು ಎನ್ನಿಸಿದರೆ ನನ್ನ ಕೈ ತಾನಾಗಿ ಹೋಗಿ ಸುರಿದುಬಿಡುತ್ತದೆ.

ಈಗ ಮುಖ್ಯ ವಿಷಯ. ಒಂದು ಚಳಿಗಾಲದ ಮಧ್ಯಾಹ್ನ ಅತ್ತಮ್ಮನೂ ನಾನೂ ಮಂಕರಿ ತುಂಬ ಅವರೆಕಾಯಿ ಹರವಿಕೊಂಡು ಸುಲಿಯುತ್ತಿದ್ದೆವು. ಅವರೆಕಾಯಿ ಸುಲಿಯುವಾಗ ನಮ್ಮ ಕಡೆ ಬಾಯಿ ಸುಮ್ಮನಿರುವುದಿಲ್ಲ. ಅತ್ತಮ್ಮ ತಾವಾಗಿಯೇ ಶುರುಮಾಡಿದರು. “ನಮ್ಮೂರಲ್ಲಿ ಗಂಡಸ್ರೆಲ್ಲ ಸೇರ್ಕೊಂಡು ಪೌರಾಣಿಕ ನಾಟಕ ಆಡೋರು ಕಣಮ್ಮ. ಮೂರು ತಿಂಗ್ಳು ತಾಲೀಮು, ನಮ್ಮನೆ ಪಕ್ಕದ ಜಗುಲೀಲೇ. ಹಾರ್ಮೋನಿಯಂ ಮೇಷ್ಟ್ರು ಒಬ್ಬ ಬರೋನು. ನಾನು ಗೋಡೆ ಈಚೆ ರಾಗಿ ಬೀಸ್ತಾ ಬೀಸ್ತಾ ಎಲ್ಲಾರ ಮಾತೂ ಕಲ್ತ್‌ಬಿಟ್ಟಿದ್ದೆ. ಹದಿನಾಲ್ಕು ವರ್ಷ ಆವಾಗ ನಂಗೆ. ಆಟದ ದಿನ ನಮ್ಮ ಸೋದರಮಾವಂದು ರಾಜನ ವೇಷ. ಗದೆ ಹೊತ್ಕೊಂಡು ಧಡಧಡ ಮುಂದಕ್ಕೆ ಬಂದ. ಬಂದು ನಿಂತ್‌ಬಿಟ್ಟ. ಮಾತೇ ಇಲ್ಲ! ಮೇಷ್ಟ್ರು ಎತ್ತಿಕೊಡೋಣ ಅಂದ್ರೆ ಅವನಿಗೆ ಗಂಟ್ಲು ಕಟ್ಟಿ ಶಬ್ದಾನೇ ಹೊರಡ್ತಿಲ್ಲ. ಜನ ಎಲ್ಲಾ ಗುಸುಗುಸು. ಹೆಂಗಸ್ರ ಸಾಲಲ್ಲಿ ಕೂತಿದ್ದೋಳು ನಾನು ಎದ್ ನಿಂತೆ. ಅವಾಗ ಮುಂದೆ ಕೂತಿದ್ದ ನಮ್ಮಪ್ಪ ಹಿಂಗೆ ತಿರುಗಿ ನನ್ನ ನೋಡ್ದ. ನೋಡಿ...”

ಫೋನ್ ಬಂತು. ಸೇಫ್ಟಿ ಆಫೀಸರು. ಅದೇ ಆಕ್ಸಿಡೆಂಟ್ ವಿಷಯ. “ಒಂದೇ ನಿಮಿಷ ಅತ್ತಮ್ಮ” ಎಂದು ಸಿಗ್ನಲ್ ಸಿಗುವ ಹಿತ್ತಲಿಗೆ ಹೋದೆ. ಒಂದು ನಿಮಿಷ ಇಪ್ಪತ್ತೈದಾಯಿತು. ತಿರುಗಿ ಬಂದು ನೋಡಿದರೆ ಕಾಯೆಲ್ಲ ಸುಲಿದು ಮುಗಿದಿತ್ತು. ಅತ್ತಮ್ಮ ಕಾಳು ನೆನೆಹಾಕಿ ಪಕ್ಕದ ಮನೆಗೆ ಹೋಗಿದ್ದರು.

ಮಿಕ್ಕ ಕಥೆಯನ್ನು ಮರುದಿನ ಕೇಳಬಹುದಿತ್ತು. ಆದರೆ ಕೇಳುವುದೇನಿದೆ ಎಂದುಕೊಂಡೆ. ಆ ಕಾಲ, ಆ ಊರು, ಗಂಡಸರ ಸಭೆಯಲ್ಲಿ ಎದ್ದು ನಿಂತ ಹುಡುಗಿ, ತಿರುಗಿ ನೋಡಿದ ಅಪ್ಪ. ಅಪ್ಪ ಇನ್ನೇನು ಮಾಡಿಯಾನು? ಕಣ್ಣು ಬಿಟ್ಟಿರುತ್ತಾನೆ. ಹುಡುಗಿ ಬಾಯಿಗೆ ಬಂದ ಮಾತನ್ನು ನುಂಗಿ ಕೂತಿರುತ್ತಾಳೆ. ಆ ಮಾತು ಬದುಕಿಡೀ ಅವಳ ಗಂಟಲಲ್ಲೇ ಉಳಿದಿರುತ್ತದೆ. ಅಯ್ಯೋ, ಎಂಥ ನಾಟಕ! ನನಗೆ ಮೈ ಜುಮ್ಮೆಂದಿತು. ಅವತ್ತೇ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ‘ಗಂಟಲಲ್ಲಿ ಉಳಿದದ್ದು’ ಎಂದು ಹೆಸರು ಬರೆದೆ. ನಾರಾಯಣಮ್ಮನನ್ನು ರಂಗಮ್ಮ ಮಾಡಿದೆ, ಊರನ್ನು ಎಲ್ಲೋ ಹೊಳೆಯಾಚೆ ಇಟ್ಟೆ. ಅಪ್ಪನಿಗೆ ಮಾತ್ರ ಹೆಸರಿಡಲಿಲ್ಲ. ಬರಿ ದಪ್ಪ ಮೀಸೆ ಕೊಟ್ಟೆ, ಕೈಗೊಂದು ಬಾರುಕೋಲು ಕೊಟ್ಟೆ. ಹೆಸರು ಬದಲಾಯಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದು ಬರೆಯುವವರ ಮೂಢನಂಬಿಕೆ. ನಾನೂ ಅದನ್ನು ಭಕ್ತಿಯಿಂದ ನಂಬಿದ್ದೆ.

ನಂಬದೆ ಹೋಗಿದ್ದರೆ ಅದೇ ನೋಟ್‌ಬುಕ್ಕನ್ನು ಅತ್ತಮ್ಮನ ತೊಡೆಯ ಮೇಲೆ ಇಡುತ್ತಿದ್ದೆನೆ? “ಯಾರ ಕಥೇನಮ್ಮ ಇದು?” ಎಂದರು ಮೊದಲ ದಿನ. “ಯಾರೋ ರಂಗಮ್ಮ ಅಂತ ಅತ್ತಮ್ಮ. ಹೊಳೆ ಆಚೆ ಊರೋಳು.” “ಹೂಂ” ಎಂದು ಸಾಲಿನ ಮೇಲೆ ಬೆರಳಿಟ್ಟರು. ವರ್ಷವೆಲ್ಲ ತಾಲೀಮು ನಡೆಯಿತು. ಸೊಪ್ಪಿನ ಸಾರಿನಿಂದ ಮಾವಿನಕಾಯಿ ಚಿತ್ರಾನ್ನದವರೆಗೆ ಎಲ್ಲ ಅಡುಗೆಗಳ ನಡುವೆಯೂ ರಂಗಮ್ಮ ಎದ್ದು ನಿಂತಳು, ಕೂತಳು, ಅತ್ತಳು. ಅತ್ತಮ್ಮ ಒಂದಕ್ಷರ ಬಿಡದೆ ಎತ್ತಿಕೊಟ್ಟರು. ಅಷ್ಟು ದಿನಗಳಲ್ಲಿ ಒಂದೇ ಒಂದು ಸಲ ತಡೆದರು. “ಇಲ್ಲಿ ‘ಅಳುತ್ತಾಳೆ’ ಅಂತ ಬರ್ದಿದೀಯ.”

“ಹೂಂ, ಅತ್ತಮ್ಮ.”

“ಯಾಕೆ ಅಳ್ತಾಳೆ?”

“ಅವಳಪ್ಪ ಹೆದರಿಸ್ದ ಅಲ್ವಾ, ಅದಕ್ಕೆ.”

“ಹೆದರಿಸಿದ್ನಾ?” ಎಂದು ಅತ್ತಮ್ಮ ತಲೆಯೆತ್ತಿ ನನ್ನನ್ನೇ ನೋಡಿದರು. ಏನೋ ಹೇಳುವವರ ಹಾಗೆ ಕಂಡಿತು. ಅಷ್ಟರಲ್ಲಿ ಗೃಹಪ್ರವೇಶದ ಪದ್ಯದವರ ಫೋನ್ ಬಂತು, ನಾನು ಹಿತ್ತಲಿಗೆ ಹೋದೆ.

ಇನ್ನು ನಾಟಕ ಆಡುವ ಕಥೆ. ಕೋಲಾರದಲ್ಲಿ ಒಂದು ಸಭಾಂಗಣ ಗೊತ್ತುಮಾಡಿಕೊಂಡೆ. ಅದೇ ದಿನ ಶಾಲೆಯವರು ಶಿಬಿರ ಇಟ್ಟರು, ಮುಂದೆ ಹಾಕಿದೆ. ಇನ್ನೊಂದು ದಿನ ಗೊತ್ತುಮಾಡಿದೆ. ಆ ವಾರವೇ ಮೇಷ್ಟ್ರ ಗ್ರಂಥದ ಕರಡು ತಿದ್ದಬೇಕಾಯಿತು, ಮತ್ತೆ ಮುಂದೆ ಹಾಕಿದೆ. ನೋಡಲು ನಾನು ಕರೆದಿದ್ದವರೆಲ್ಲ “ಪರವಾಗಿಲ್ಲ ಮೇಡಂ” ಎಂದರು. ಆಮೇಲೆ ಯಾರೂ ಏನೂ ಕೇಳಲಿಲ್ಲ, ನನಗೆ ನೋವಾದದ್ದು ಅದರಿಂದ. ಊರವರ ಕೆಲಸಕ್ಕೆಲ್ಲ ದಿನ ತಪ್ಪದೆ ಹಾಜರಾಗುವವಳು ನನ್ನದೊಂದನ್ನು ಮಾತ್ರ ಆಡಲಾಗದೆ ಹೋದೆನಲ್ಲ ಎಂದು ನಿಜವಾಗಿ ಹೊಟ್ಟೆ ಉರಿಯಿತು. ಮೂರನೆಯ ಸಲವೂ ತಪ್ಪಿದರೆ ಆ ಹಾಳೆಗಳನ್ನು ಹರಿದು ನೀರೊಲೆಗೆ ಹಾಕಿ, ಮಿಕ್ಸಿಯ ಪುಸ್ತಿಕೆ ಬರೆದುಕೊಂಡಿರುವುದು ಎಂದು ತೀರ್ಮಾನಿಸಿದೆ. ಆಗ ಫೋನ್ ಮಾಡಿದವರು ಅತ್ತಮ್ಮನ ತಮ್ಮ, ಚೌಡಪ್ಪ ಮಾವ. “ಏನಮ್ಮಾ ಮಂಜುಳಾ, ನಾಟಕ ಆಡೋಕೆ ಜಾಗ ಇಲ್ವಂತೆ? ನಮ್ಮೂರಿಗೆ ಬಾ. ಸ್ಕೂಲ್ ಮೈದಾನ ಐತೆ. ಶಾಮಿಯಾನ ನಂದು, ಮೈಕು ನಂದು, ಜನ ನಂದು.” ಖುಷಿಯಲ್ಲಿ “ಆಯ್ತು ಮಾವ, ಬರ್ತೀನಿ” ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಅವರ ಊರು ಯಾವುದೆಂದು ಹೊಳೆಯಿತು. ಅಲ್ಲೇ ಕುರ್ಚಿಯ ಮೇಲೆ ಕೂತೆ.

ಬೈರಕೂರಿನ ಮುದುಕರಿಗೆ ಆ ಹುಡುಗಿ ಯಾರು, ಆ ಅಪ್ಪ ಯಾರು ಎಂದು ಎರಡನೇ ನಿಮಿಷಕ್ಕೇ ಗೊತ್ತಾಗುತ್ತದೆ. ಅತ್ತಮ್ಮನ ಗುಟ್ಟನ್ನು ಅವರ ತವರಿನಲ್ಲೇ ಮೈಕಿನಲ್ಲಿ ಸಾರಿದ ಸೊಸೆ ನಾನಾಗುತ್ತೇನೆ. ಹೇಳಿಬಿಡೋಣ ಎಂದು ಒಂದು ದಿನ ಅಡುಗೆಮನೆಗೆ ಹೋದೆ, “ಅತ್ತಮ್ಮ, ಆ ರಂಗಮ್ಮ ಇದಾಳಲ್ಲ...” ಎನ್ನುವಷ್ಟರಲ್ಲಿ ಪುರವಣಿಯವರು ಫೋನ್ ಮಾಡಿ ಲೇಖನ ಎಲ್ಲಿ ಎಂದರು. ಇನ್ನೊಂದು ದಿನ ಹೋದೆ. ಮಿಕ್ಸಿಯವರು ಬ್ಲೇಡಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದರು. ಮೂರನೆಯ ಸಲ ಫೋನು ಬರಲಿಲ್ಲ, ಧೈರ್ಯವೂ ಬರಲಿಲ್ಲ. ಅಷ್ಟರಲ್ಲಿ ಆ ದಿನವೇ ಬಂತು. ಬಂದದ್ದು ಎಂಥ ದಿನ ಅಂತೀರಿ? ಸುರಕ್ಷತಾ ಸಪ್ತಾಹದ ಕೊನೆಯ ದಿನ. ಎರಡನೆಯ ವರ್ಷವೂ ಅದೇ ಜಾರುವ ನಾಟಕ ಬೇಕೆಂದಿದ್ದರು. ಬೆಳಿಗ್ಗೆಯ ಶಿಫ್ಟಿಗೊಮ್ಮೆ, ಮಧ್ಯಾಹ್ನದ ಶಿಫ್ಟಿನವರು ಬಸ್ಸಿಳಿದ ಮೇಲೆ ಇನ್ನೊಮ್ಮೆ ಜಾರಿ, ಎರಡೂ ಸಲ ಕೈಗವಸು ಕೇಳಿ, ಅಲ್ಲಿಂದ ಚೌಡಪ್ಪ ಮಾವ ಕಳಿಸಿದ್ದ ಟೊಮೆಟೊ ಟೆಂಪೋದಲ್ಲಿ ಕ್ರೇಟುಗಳ ಮುಂದೆ ಕೂತು ಬೈರಕೂರು ಸೇರಿದಾಗ ಸಾಯಂಕಾಲ ನಾಲ್ಕೂವರೆ. ಅತ್ತಮ್ಮ ಹಿಂದಿನ ದಿನವೇ ಹೋಗಿದ್ದರು. ಹೊಸ ಸೀರೆ ಉಟ್ಟು, ತಲೆತುಂಬ ಕನಕಾಂಬರ ಮುಡಿದು ನಿಂತಿದ್ದರು. “ಅತ್ತಮ್ಮ, ಪರದೆ ಪಕ್ಕ ನೋಟ್‌ಬುಕ್ ಹಿಡ್ಕೊಂಡು ಕೂತ್ಕೊಳ್ಳಿ” ಎಂದೆ. “ಇಲ್ಲಮ್ಮ, ಇಲ್ಲಿ ನಾನು ಎದುರಿಗೇ ಕೂತ್ಕೋತೀನಿ” ಎಂದು ಹೆಂಗಸರ ಮೂರನೇ ಸಾಲಿಗೆ ಹೋಗಿಬಿಟ್ಟರು.

ಆ ಕಡೆಯ ಊರುಗಳಲ್ಲಿ ನಾಟಕ ನೋಡುವ ಪದ್ಧತಿಯೇ ಬೇರೆ. ಪಾತ್ರ ಹಿಡಿಸಿದರೆ ಆಟ ಮುಗಿಯುವವರೆಗೆ ಕಾಯುವುದಿಲ್ಲ. ನಡುವೆಯೇ ಹಾರ, ಶಾಲು ಹಿಡಿದು ಹತ್ತಿ ಬರುತ್ತಾರೆ, ಮೈಕಿನಲ್ಲಿ ಹೆಸರು ಕೂಗಿಸುತ್ತಾರೆ. ಹಿಂದೊಮ್ಮೆ ಬೇರೊಂದು ಊರಿನಲ್ಲಿ ನಾನು ಸತ್ತು ಬಿದ್ದಿದ್ದಾಗ ಹಾರ ತಂದಿದ್ದರು. ಎದ್ದು ಕೂತು, ಹಾಕಿಸಿಕೊಂಡು, ಕೈಮುಗಿದು ಮತ್ತೆ ಸತ್ತಿದ್ದೆ. ಈ ಸಲವೂ ಚೌಡಪ್ಪ ಮಾವ ಗುಲಾಬಿ ಹಾರ ತರಿಸಿ ಬಾಳೆಲೆಯಲ್ಲಿ ಸುತ್ತಿಟ್ಟುಕೊಂಡು ಮೆಟ್ಟಿಲ ಪಕ್ಕವೇ ಕೂತಿದ್ದರು. ನಾಟಕ ಶುರುವಾಯಿತು. ಗೋಡೆಯಾಚೆಯ ತಾಲೀಮು, ರಾಗಿ ಬೀಸುವ ಹುಡುಗಿ, ಎಲ್ಲ ಸರಾಗವಾಗಿ ಹೋಯಿತು. ಜನ ನಗಬೇಕಾದಲ್ಲಿ ನಕ್ಕರು. ನಾನು ನಿರೀಕ್ಷಿಸಿದ್ದ ಪಿಸುಮಾತೂ ಎದ್ದಿತು: “ಲೇ, ಇದು ನಮ್ಮ ನಾರಾಯಣಮ್ಮನ ವಿಷ್ಯ ಅಲ್ವೇನೋ?” ಅತ್ತಮ್ಮನ ಕಡೆ ನೋಡದೆ ಮುಂದುವರಿದೆ. ರಾಜ ಗದೆ ಹೊತ್ತು ಬಂದ. ಮಾತು ಮರೆತು ನಿಂತ. ಮೇಷ್ಟ್ರಿಗೆ ಗಂಟಲು ಕಟ್ಟಿತು. ನೆಲದ ಮೇಲೆ ಕೂತಿದ್ದ ಹುಡುಗಿ, ಅಂದರೆ ನಾನು, ಥಟ್ಟನೆ ಎದ್ದು ನಿಂತೆ. ಬೆಳಗಿನಿಂದ ಎರಡು ಸಲ ಹಾಗೇ ಎದ್ದು ನಿಂತಿದ್ದ ಮೈ ಅದು. ಕೈ ತಾನಾಗಿ ಮುಂದಕ್ಕೆ ಚಾಚಿತು. ಕಿರೀಟ ತೊಟ್ಟು ಗದೆ ಹಿಡಿದು ನಿಂತ ರಾಜನನ್ನು ನಾನು ಮೈಕಿನಲ್ಲಿ ಕೇಳಿದೆ: “ನಿಲ್ಲು! ಕೈಗವಸು ಎಲ್ಲಿ?”

ಮೈದಾನದ ಹಿಂದಿನಿಂದ ಯಾರೋ “ಏನ್ಲಾ, ರಾಜನಿಗೆ ಕೈಗವಸು ಯಾಕ್ಲಾ?” ಎಂದ. ಒಂದು ಸಲ ನಗು ಹರಿಯಿತು. ನನ್ನ ತಲೆಯಲ್ಲಿ ಮುಂದಿನ ಮಾತು ಇಲ್ಲ. ಹಿಂದಿನದೂ ಇಲ್ಲ. ವರ್ಷವೆಲ್ಲ ಒಪ್ಪಿಸಿದ ನಾಟಕ ತೊಳೆದು ಹೋಗಿ, ಮಿಕ್ಸಿಯ ಬ್ಲೇಡು, ಮೇಷ್ಟ್ರ ಹಳ್ಳ, ಏನೇನೋ ಬಂತು. ರಂಗಮ್ಮ ಮಾತ್ರ ಬರಲಿಲ್ಲ. ಮುಗಿಯಿತು, ಮೂರನೆಯ ಸಲವೂ ಹೋಯಿತು ಎಂದುಕೊಂಡೆ. ಆಗ ಅತ್ತಮ್ಮನನ್ನು ಹುಡುಕಿದೆ, ಬೇರೆ ಯಾರಿದ್ದಾರೆ ನನಗೆ? ಅವರು ಆಗಲೇ ಹೆಂಗಸರ ಸಾಲಿನಲ್ಲಿ ಎದ್ದು ನಿಂತಿದ್ದರು.

“ಅಪ್ಪ ನೋಡ್ದ” ಎಂದರು.

ಹಿಡಿದುಕೊಂಡೆ. “ಅಪ್ಪ ನೋಡಿದ” ಎಂದೆ. ನಾಟಕ ಸಿಕ್ಕಿತು; ಇನ್ನು ಅವನು ಬಾರುಕೋಲು ನೆಲಕ್ಕೆ ಕುಟ್ಟಬೇಕು.

“ನಕ್ಕ” ಎಂದರು ಅತ್ತಮ್ಮ.

ನಾನು ಬರೆದದ್ದರಲ್ಲಿ ಅದಿಲ್ಲ. “ನಕ್ಕ ಅನ್ನೇ!” ಎಂದು ಅತ್ತಮ್ಮ ಈ ಸಲ ಮೈದಾನಕ್ಕೆಲ್ಲ ಕೇಳುವ ಹಾಗೆ ಗದರಿದರು. ಅಡುಗೆಮನೆಯಲ್ಲಿ ನಾನೆಂದೂ ಕೇಳದ ಕಂಠ ಅದು. “ನಕ್ಕ” ಎಂದೆ.

“ನಕ್ಕು, ‘ಚೆಪ್ಪಮ್ಮಾ, ಚೆಪ್ಪು’ ಅಂದ.”

ಹೇಳಮ್ಮಾ, ಹೇಳು ಎಂದನಂತೆ ಆ ಅಪ್ಪ. ನಾನೂ ತೆಲುಗಿನಲ್ಲೇ ಹೇಳಿದೆ. ಆಮೇಲೆ ನಾನು ಬರೆದ ನಾಟಕವನ್ನು ಬಿಟ್ಟು ಅತ್ತಮ್ಮನದನ್ನು ಆಡಿದೆ. ಅವರು ಕೆಳಗಿನಿಂದ ಎತ್ತಿಕೊಟ್ಟರು, ನಾನು ಮೇಲಿನಿಂದ ಹೇಳಿದೆ. ಹುಡುಗಿ ರಾಜನ ಮಾತನ್ನು ಹೆಂಗಸರ ಸಾಲಿನಿಂದ ಕೂಗಿ ಎತ್ತಿಕೊಟ್ಟಳು. ರಾಜ ಅದನ್ನು ಹಿಡಿದುಕೊಂಡು ಗದೆ ತಿರುಗಿಸಿದ. ಜನ ‘ಒನ್ಸ್ ಮೋರ್’ ಎಂದರು, ರಾಜನಿಗಲ್ಲ, ಹುಡುಗಿಗೆ. ಮುಂದಿನ ವರ್ಷ ಅಪ್ಪನೇ ಅವಳ ಕೈಹಿಡಿದು ಕರೆದುಕೊಂಡು ಹೋಗಿ ಪರದೆಯ ಹಿಂದೆ ಮೇಷ್ಟ್ರ ಪಕ್ಕ ಕೂರಿಸಿದ. ಮದುವೆಯಾಗಿ ಮಾಲೂರಿಗೆ ಹೋಗುವವರೆಗೆ ಆ ಊರಿನ ಆಟಗಳಿಗೆಲ್ಲ ಮಾತು ಎತ್ತಿಕೊಟ್ಟವಳು ಅವಳೇ. “ನಾನೇ” ಎಂದರು ಅತ್ತಮ್ಮ. “ನಾನೇ” ಎಂದೆ. “ನೇನು ಏಡ್ಸಲೇದು” ಎಂದರು. ನಾನು ಅಳಲಿಲ್ಲ ಎಂದು. ಅದನ್ನೂ ಹೇಳಿದೆ. ಇಡೀ ಮೈದಾನ ಎದ್ದು ಚಪ್ಪಾಳೆ ತಟ್ಟಿತು. ಚೌಡಪ್ಪ ಮಾವ ಕಣ್ಣೊರೆಸಿಕೊಳ್ಳುತ್ತಾ ಹಾರ ಹಿಡಿದು ಮೆಟ್ಟಿಲು ಹತ್ತಿ ಬಂದರು. ನಾನು ರೂಢಿಯಂತೆ ಕುತ್ತಿಗೆ ಬಗ್ಗಿಸಿದೆ. ಅವರು ನನ್ನನ್ನು ದಾಟಿಕೊಂಡು ಹೋಗಿ, ಆ ಕಡೆಯ ಮೆಟ್ಟಿಲು ಇಳಿದು, ಅಕ್ಕನ ಕೊರಳಿಗೆ ಹಾಕಿದರು. ಬಗ್ಗಿಸಿದ ಕುತ್ತಿಗೆಯನ್ನು ಏನಾದರೂ ಮಾಡಬೇಕಲ್ಲ, ಹಾಗೇ ಸಭೆಗೆ ನಮಸ್ಕಾರ ಮಾಡಿದೆ.

ತಿರುಗಿ ಬರುವಾಗ ಟೆಂಪೋದಲ್ಲಿ ಹಾರ ತೊಡೆಯ ಮೇಲಿಟ್ಟುಕೊಂಡು ಅತ್ತಮ್ಮ ಬಾಡಿದ ಎಸಳು ಆರಿಸುತ್ತಾ ಕೂತಿದ್ದರು. ಆಮೇಲೆ, “ನಮ್ಮಪ್ಪ ಅಂಥೋನಲ್ಲ ಮಂಜೂ” ಎಂದರು. “ಒಂದಿನಾನೂ ನಮ್ಮನ್ನ ಹೊಡೆದೋನಲ್ಲ, ಬೈದೋನಲ್ಲ. ಅವನೂರಲ್ಲೇ ಅವನನ್ನ ಕೆಟ್ಟೋನು ಮಾಡ್‌ಬಿಟ್ಟಿದ್ರೆ ನಂಗೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ.”

“ತಪ್ಪಾಯ್ತು ಅತ್ತಮ್ಮ. ಆದ್ರೆ ವರ್ಷವೆಲ್ಲ ನೋಟ್‌ಬುಕ್ ನಿಮ್ಮ ಕೈಲೇ ಇತ್ತಲ್ಲ! ಮೊದ್ಲೇ ಯಾಕೆ ಹೇಳ್ಲಿಲ್ಲ?”

“ನೀನೇ ಕೇಳ್ತೀಯ ಅಂತ ಕಾದೆ” ಎಂದರು. “ನಿಂಗೆ ಬಿಡುವೆಲ್ಲಿತ್ತು?”

ಕೋಪದಿಂದ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ ಕೇಳಿದರು. ರಂಗಮ್ಮನಿಗೆಂದು ಬರೆದಿಟ್ಟಿದ್ದ ಅಳುವನ್ನೆಲ್ಲ ಮುಳಬಾಗಿಲು ಬರುವವರೆಗೆ ನಾನೇ ಅತ್ತೆ. ಅತ್ತಮ್ಮ ಹಾರದಿಂದ ಒಂದು ಗುಲಾಬಿ ಕಿತ್ತು ನನ್ನ ತಲೆಗೆ ಮುಡಿಸಿದರು.

ಈಗ ನಾಟಕ ಚೆನ್ನಾಗಿ ಓಡುತ್ತಿದೆ. ಹೊಸದಾಗಿ ಬರೆದೆ, ಅಪ್ಪನ ಮೀಸೆ, ಬಾರುಕೋಲು ಎರಡನ್ನೂ ತೆಗೆದೆ. ಇಲ್ಲದ್ದನ್ನು ಸೇರಿಸಿ ಬರೆಯುವುದಿಲ್ಲವೆಂದು ಅತ್ತಮ್ಮನಿಗೆ ಮಾತು ಕೊಟ್ಟಿದ್ದೇನೆ. ಏಕವ್ಯಕ್ತಿ ನಾಟಕದಲ್ಲಿ ಇಬ್ಬರಿದ್ದೇವೆ: ಕೊನೆಯ ದೃಶ್ಯಕ್ಕೆ ಅವರು ಹೆಂಗಸರ ಸಾಲಿನಿಂದ ಏಳುತ್ತಾರೆ. ಮೊನ್ನೆ ಆವನಿ ಊರಿನಿಂದ ಒಬ್ಬರು ನಾಟಕಕ್ಕೆ ಕರೆಯಲು ಫೋನ್ ಮಾಡಿ, “ಅಜ್ಜಿ ಬರ್ತಾರೆ ತಾನೇ?” ಎಂದು ಖಚಿತಪಡಿಸಿಕೊಂಡು, ಆಮೇಲೆ “ನೀವೂ ಬನ್ನಿ ಮೇಡಂ” ಎಂದರು. ನೋಟ್‌ಬುಕ್ಕುಗಳೂ ಈಗ ಬೇರೆ ಬೇರೆ ಇವೆ. ಸುಧಾರಿಸಿದ್ದೇನೆ ಎಂದೇ ನನ್ನ ಭಾವನೆಯಾಗಿತ್ತು, ನಿನ್ನೆಯವರೆಗೆ.

ನಿನ್ನೆ ಈ ವರ್ಷದ ಮೊದಲ ಅವರೆಕಾಯಿ ಬಂತು. ಮಂಕರಿ ನಡುವೆ ಇಟ್ಟುಕೊಂಡು ಇಬ್ಬರೂ ಕೂತೆವು. ಅತ್ತಮ್ಮ, “ಮದ್ವೆ ಆಗಿ ಮಾಲೂರಿಗೆ ಬಂದ ಮೊದಲನೇ ವರ್ಷ ಒಂದು ಆಯ್ತು ನೋಡು. ನಿಮ್ಮ ಮಾವನೋರಿಗೆ ನಾಟಕ ಅಂದ್ರೇನೇ ಆಗ್ತಿರ್ಲಿಲ್ಲ...” ಎಂದು ಶುರುಮಾಡಿ ಎಲ್ಲೋ ರಸವತ್ತಾದ ಕಡೆಗೆ ಬಂದಿದ್ದರು. ಫೋನ್ ಬಂತು. ನನ್ನ ಕೈ ಫೋನಿನ ಕಡೆಗೂ ಹೋಗದೆ, ಕಾಯಿಯ ಕಡೆಗೂ ಹೋಗದೆ ಗಾಳಿಯಲ್ಲಿ ನಿಂತಿತು. “ಎತ್ತು, ಎತ್ತು” ಎಂದರು ಅತ್ತಮ್ಮ. “ಮಾತಾಡಿ ಮುಗಿಸ್ಕೊಂಡ್ ಬಾ. ಹೋದ್ಸಲ ನಮ್ಮಪ್ಪನ್ನ ಕೆಟ್ಟೋನು ಮಾಡ್ದೆ. ಅರ್ಧ ಕೇಳಿ ಎದ್ದೋಗಿ ಈ ಸಲ ನಿಮ್ಮ ಮಾವನ್ನ ಏನ್ ಮಾಡ್ತೀಯೋ!”

ಫೋನನ್ನು ರಾಗಿ ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಮಾತು ಕೊಟ್ಟಿದ್ದೇನಲ್ಲ. ಎತ್ತಿದೆ. ಸೇಫ್ಟಿ ಆಫೀಸರು. “ಮೇಡಂ, ಈ ವರ್ಷ ಜಾರೋದೂ ಬೇಡ” ಎಂದರು. “ಸರಿ ಸಾರ್” ಎಂದು ಎರಡೇ ನಿಮಿಷದಲ್ಲಿ ಓಡಿ ಬಂದೆ. ಮಂಕರಿಯಲ್ಲಿ ಕಾಯಿ ಇದ್ದ ಹಾಗೇ ಇತ್ತು. ಅತ್ತಮ್ಮ ಒಂದನ್ನೂ ಸುಲಿಯದೆ ಕಾದು ಕೂತಿದ್ದರು. ನಾನು ಕೂತ ಮೇಲೆ, “ಹೂಂ, ಎಲ್ಲಿಗೆ ಬಂದಿದ್ದೆ? ಎತ್ತಿಕೊಡು” ಎಂದರು.

ನನಗೆ ಮರೆತುಹೋಗಿತ್ತು.